ಯೀಸ್ಟ್ ಇನ್ಫೆಕ್ಷನ್‌ಗೆ ಟೀ ಟ್ರೀ, ಮೊಸರು, ತೆಂಗಿನೆಣ್ಣೆ, ಕಾಟನ್: ನನಗೆ ಆಗಿಬಂದದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಆಯ್ಕೆ ಚೆನ್ನಾಗಿ ಒಣಗಿದ ಕಾಟನ್ ಒಳಉಡುಪು. ಇದು ಗೊತ್ತಾಗುವ ಮೊದಲು ಆನ್‌ಲೈನಲ್ಲಿ ಟೀ ಟ್ರೀ ಎಣ್ಣೆ ತರಿಸಿ, ಎರಡು ದಿನ ಸರಿಯಾಗಿ ಕೂರಲಾಗದೆ ಒದ್ದಾಡಿದ್ದೇನೆ.

ಕಳೆದ ವರ್ಷ ಯೋನಿಯ ಈ ಯೀಸ್ಟ್ ಸೋಂಕು ನಾಲ್ಕು ಸಲ ಬಂತು. ತುರಿಕೆ, ಉರಿ, ಒಡೆದ ಮೊಸರಿನಂಥ ಬಿಳಿ ಸ್ರಾವ. ಮೆಡಿಕಲ್‌ನಲ್ಲಿ ಕೇಳಿ ಮಾತ್ರೆ ತಗೊಂಡರೆ ವಾರದಲ್ಲಿ ಕಡಿಮೆ, ಸ್ವಲ್ಪ ದಿನಕ್ಕೆ ಮತ್ತೆ ಶುರು. ಬೇಸತ್ತು ಮನೆಮದ್ದಿಗೆ ಇಳಿದೆ.

ಟೀ ಟ್ರೀ ಎಣ್ಣೆಯ ಎರಡೇ ಹನಿಯನ್ನು ತೆಂಗಿನೆಣ್ಣೆಗೆ ಬೆರೆಸಿದ್ದೆ. ಆದರೂ ಕೆರೆದು ಕೆಂಪಾದ ಚರ್ಮಕ್ಕೆ ಬೆಂಕಿ ತಾಗಿದ ಹಾಗಾಯಿತು. ಬೆಳ್ಳುಳ್ಳಿ ಖಂಡಿತ ಬೇಡ, ಅದೂ ಸುಡುತ್ತದೆ.

ಮೊಸರು ತಿನ್ನಲಿಕ್ಕೆ ಒಳ್ಳೆಯದು, ಸೋಂಕು ಅದಕ್ಕೆ ಜಗ್ಗಲಿಲ್ಲ. ಅತ್ತೆ "ಉಷ್ಣ ಆಗಿದೆ, ಬೊಂಡ ಕುಡಿ ಮಗಾ" ಎಂದರು. ಎಳನೀರು ಕುಡಿದೆ, ಹಿತವಾಯಿತು, ತುರಿಕೆ ಇದ್ದಲ್ಲೇ ಇತ್ತು.

ಮಿಲ್ಲಿನ ತೆಂಗಿನೆಣ್ಣೆಯನ್ನು ಹೊರಗಿನ ಚರ್ಮಕ್ಕೆ ಮಾತ್ರ ಹಚ್ಚಿದೆ. ಉರಿ ತಣಿಯುತ್ತದೆ, ಸೋಂಕು ಹೋಗುವುದಿಲ್ಲ. ಕಾಂಡೋಮ್ ಬಳಸುವವರು ನೋಡಿಕೊಳ್ಳಿ, ಎಣ್ಣೆ ತಾಗಿದರೆ ಲ್ಯಾಟೆಕ್ಸ್ ಕಾಂಡೋಮ್ ಹರಿದುಹೋಗಬಹುದು.

ಇನ್ನು ಕಾಟನ್. ಇದರ ದೊಡ್ಡ ತಲೆನೋವು ನಮ್ಮ ಮಳೆ. ಆಟಿ ತಿಂಗಳಲ್ಲಿ ಮಂಗಳೂರಲ್ಲಿ ಕಾಟನ್ ಒಣಗುತ್ತದೆಯೇ? ಬ್ರಹ್ಮಾವರದ ಹತ್ತಿರ ನನ್ನ ತವರಲ್ಲಿ ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸುತ್ತಿದ್ದರು. ಫ್ಲ್ಯಾಟಲ್ಲಿ ಒಲೆ ಎಲ್ಲಿಂದ ತರಲಿ? ಬಾಲ್ಕನಿಗೆ ಇರಚಲು ಹೊಡೆಯುತ್ತದೆ. ಬೇಗ ಒಣಗುತ್ತದೆ ಅಂತ ವರ್ಷಗಟ್ಟಲೆ ಸಿಂಥೆಟಿಕ್ ಹಾಕಿದ್ದೆ.

ಫ್ಯಾನ್ ಕೆಳಗೆ ಹಾಕಿದರೆ ಒಣಗಿದ ಹಾಗೆ ಕಾಣುತ್ತದೆ, ಅಷ್ಟೇ. ನಡುವಿನ ಎರಡು ಪದರ, ಹೊಲಿಗೆ, ಇಲಾಸ್ಟಿಕ್ ಪಟ್ಟಿ ಹಸಿಯಾಗಿಯೇ ಇರುತ್ತವೆ. ಮೂಗಿಗೆ ಹಿಡಿದರೆ ಮುಗ್ಗಲು ವಾಸನೆ. ಇಸ್ತ್ರಿ ಹಾಕಲು ಹೋಗಿ ಇಲಾಸ್ಟಿಕ್ ಸುಟ್ಟು ಎರಡು ಹಾಳಾದವು. ಈಗ ಮೆಷಿನಲ್ಲಿ ಎರಡು ಸಲ ಹಿಂಡಿಸಿ, ಒಳಮೈ ಹೊರಗೆ ಮಾಡಿ ರಾತ್ರಿಯಿಡೀ ಫ್ಯಾನ್ ಕೆಳಗೆ ಹರಡುತ್ತೇನೆ. ಬೆಳಿಗ್ಗೆ ನಡುವಿನ ಪದರಕ್ಕೆ ಮಾತ್ರ ಇಸ್ತ್ರಿ. ಬಸ್ಸಿಂದ ಇಳಿಯುವಾಗ ನೆನೆದರೆ ಬದಲಿಸಲು ಬ್ಯಾಗಲ್ಲಿ ಒಂದು ಜಾಸ್ತಿ.

ಆದರೆ ಕಾಟನ್ ಮದ್ದಲ್ಲ. ಇದ್ದ ಸೋಂಕು ಹೋದದ್ದು ಡಾಕ್ಟರ ಮಾತ್ರೆಯಿಂದಲೇ. ಸ್ವಾಬ್ ತೆಗೆದು ಕ್ಯಾಂಡಿಡಾ ಎಂಬ ಯೀಸ್ಟೇ ಅಂತ ಖಚಿತ ಮಾಡಿಕೊಂಡರು, ಶುಗರ್ ನೋಡಿದರು. ಫ್ಲುಕೊನಜೋಲ್ 150 ಮಿಲಿಗ್ರಾಂ ಮೂರು ದಿನಕ್ಕೊಂದರಂತೆ ಮೂರು, ಆಮೇಲೆ ವಾರಕ್ಕೊಂದು, ಆರು ತಿಂಗಳು. ಗರ್ಭಿಣಿಯರಿಗೆ ಈ ಮಾತ್ರೆ ಕೊಡುವುದಿಲ್ಲ, ಹಾಗಾಗಿ ಸುಮ್ನೆ ನನ್ನ ಚೀಟಿ ನೋಡಿ ತಗೊಳ್ಳಬೇಡಿ. ಬೇರೆ ಸೋಂಕಿಗೂ ಇದೇ ಥರ ತುರಿಕೆ ಬರುತ್ತದೆ.

ಮಾತ್ರೆ ಮುಗಿದದ್ದು ಮಾರ್ಚ್‌ನಲ್ಲಿ. ಆಮೇಲೆ ಬಂದ ಮಳೆಗಾಲದಲ್ಲಿ ಒಂದು ಸಲವೂ ತುರಿಕೆ ಬಂದಿಲ್ಲ. ಟೀ ಟ್ರೀ ಬಾಟಲಿಯ ದುಡ್ಡಿಗೆ ಇನ್ನೂ ನಾಲ್ಕು ಕಾಟನ್ ಬರುತ್ತಿತ್ತು.