ತೊಟ್ಟಿಗೆ ಶೀಟ್ ಹೊದಿಸಿದ ಹೋಟೆಲ್

ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ನಡುವೆ ತೆರೆದ ಅಂಗಳವಿರುವ (ಅದೇ ತೊಟ್ಟಿ) ಹಳೇ ತೊಟ್ಟಿಮನೆಯೊಂದನ್ನು ಈಗ ಊಟದ ಹೋಟೆಲ್ ಮಾಡಿದ್ದಾರೆ. ಹೆಸರು ಬೇಡ ಬಿಡಿ, ಬಯ್ಯೋದೂ ಇದೆ. ಊಟದ ಮಾತು ಮೊದಲೇ ಮುಗಿಸುತ್ತೇನೆ: ಕಡುಬು ಮೆತ್ತಗಿತ್ತು, ಅಪ್ಪೆಹುಳಿ ಎರಡು ಸಲ ಹಾಕಿಸಿಕೊಂಡೆ. ನಾನು ಹೋಗಿದ್ದು ಮನೆ ನೋಡಲಿಕ್ಕೆ. ನಮ್ಮಜ್ಜ ಮರಗೆಲಸದವರು. ನನ್ನ ಕಣ್ಣು ಎಲೆಗಿಂತ ಮೊದಲು ಮಾಡಿಗೆ ಹೋಗುತ್ತದೆ.

ಮಾಡಿಗೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಕಾರ್ಖಾನೆ ಹಾಕಿದ ಮೇಲೆ ಬಂದ ಹಂಚು ಇದು. ಅದಕ್ಕೂ ಮುಂಚೆ ಇಲ್ಲಿ ಸೋಗೆ ಹೊದಿಕೆಯೇ ಇದ್ದಿರಬೇಕು, ಇಳಿಜಾರು ಅಷ್ಟು ಕಡಿದು. ಜಗಲಿಯ ಮುಂಡಿಗೆ, ಅಂದರೆ ಮರದ ಕಂಬ, ಹಲಸಿನದು. ಗೆದ್ದಲು ಹತ್ತದ ಹಾಗೆ ಬುಡಕ್ಕೆ ಕಲ್ಲು ಕೊಟ್ಟಿದ್ದಾರೆ. ತೊಲೆ ಬಂದು ಕೂರುವ ಜಾಗದಲ್ಲಿ ಬೆರಳಾಡಿಸಿದೆ. ಕಬ್ಬಿಣದ ಮೊಳೆಯೇ ಇಲ್ಲ, ಮರದ ಗೂಟ. ಅದರ ತಲೆ ಒಂಚೂರು ಹೊರಗೆ ಚಾಚಿದೆ, ಕೈ ತಾಗಿ ತಾಗಿ ನುಣ್ಣಗಾಗಿದೆ.

ಹೋದ ವರ್ಷ ಮಗಳು ಇಂಗ್ಲೆಂಡಿನಲ್ಲಿ ಒಂದು ಹಳ್ಳಿ ಪಬ್ಬಿಗೆ ಕರಕೊಂಡು ಹೋಗಿದ್ದಳು. (ನಾನು ಕುಡಿದಿದ್ದು ಟೀ.) ಅಲ್ಲೂ ಇದೇ ಗೂಟ! ಓಕ್ ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು, ಸಗಣಿ, ಹುಲ್ಲು ಕಲಸಿ ಮೆತ್ತಿದ ಗೋಡೆ. ನಮ್ಮ ತಟ್ಟಿಗೋಡೆಯೇ ಅಲ್ವಾ? ಕಂಬದ ಮೇಲೆ ಉಳಿಯಲ್ಲಿ ಕೊರೆದ ರೋಮನ್ ಅಂಕಿ ಇತ್ತು. ಬಡಗಿಗಳು ತಮ್ಮ ಅಂಗಳದಲ್ಲೇ ಚೌಕಟ್ಟು ಜೋಡಿಸಿ, ಬಿಚ್ಚಿ, ಗಾಡಿಯಲ್ಲಿ ತಂದು ನಿಲ್ಲಿಸುತ್ತಿದ್ದರಂತೆ. ಯಾವುದಕ್ಕೆ ಯಾವುದು ಅಂತ ತಪ್ಪಬಾರದಲ್ಲ, ಅದಕ್ಕೆ ಗುರುತು. ಸರ್ಕಾರದ ಪಟ್ಟಿಗೆ ಸೇರಿದ ಹಳೇ ಕಟ್ಟಡ ಅದು. ಮಾಲೀಕ ಕಿಟಕಿ ಬದಲಿಸಬೇಕಾದರೂ ಅಲ್ಲಿನ ಕೌನ್ಸಿಲ್ ಒಪ್ಪಬೇಕು.

ಇಲ್ಲಿ ಯಾರನ್ನು ಕೇಳಬೇಕು? ತೊಟ್ಟಿ ಮೇಲೆ ಹಸಿರು ಫೈಬರ್ ಶೀಟ್ ಹೊದಿಸಿಬಿಟ್ಟಿದ್ದಾರೆ. ನಾಲ್ಕೂ ಕಡೆಯ ಸೂರಿನ ನೀರು ಅಂಗಳಕ್ಕೆ ಸುರಿಯೋದನ್ನು ಜಗಲಿಯಲ್ಲಿ ಸುಮ್ನೆ ಕೂತು ನೋಡಬೇಕಿತ್ತು. ಈಗ ಮಳೆ ಬಂದರೆ ಶೀಟಿನ ಸದ್ದಿಗೆ ಪಕ್ಕದವರ ಮಾತೂ ಕೇಳುವುದಿಲ್ಲ. ಒಗ್ಗರಣೆ ಘಾಟು ಹೊರಗೆ ಹೋಗಲು ದಾರಿಯಿಲ್ಲ. ಎಲೆ ಮೇಲಿನ ಅನ್ನ ಕೂಡ ಹಸಿರಾಗಿ ಕಾಣುತ್ತದೆ.

ದುಡ್ಡು ಕೊಡುವಾಗ ಹೇಳಿಯೇಬಿಟ್ಟೆ. "ಮಳೆಗಾಲದಲ್ಲಿ ನಾಲ್ಕು ಟೇಬಲ್ ಜಾಸ್ತಿ ಹಿಡಿಯುತ್ತೆ ಸಾರ್" ಅಂದರು. ಅದೂ ಸುಳ್ಳಲ್ಲ. ಹೋಗುವವರು ಜಗಲಿಯ ಎಡಮೂಲೆ ಟೇಬಲ್ ಕೇಳಿ. ಅಲ್ಲಿಗೆ ಶೀಟಿನ ನೆರಳು ಬೀಳುವುದಿಲ್ಲ, ಗೂಟ ಕೈಗೇ ಸಿಗುತ್ತದೆ.