ಮಿಠಾಯಿ ಫ್ಲೇವರ್ ಹಾಕಿದ ಮನೆ ಲಿಕ್ಯೂರ್: ಕಾರವಾರದಲ್ಲಿ ಮೂರು ವರ್ಷ ಬಳಸಿದ ಮೇಲೆ

ಕೋಡಿಬಾಗದ ನಮ್ಮ ಅಡುಗೆಮನೆಯ ಕಪಾಟಿನಲ್ಲಿ ಮೂರು ವರ್ಷದಿಂದ ಆರು ಪುಟ್ಟ ಬಾಟಲಿಗಳಿವೆ. ಮಿಠಾಯಿ ಮಾಡುವವರು ಬಳಸುವ ಫ್ಲೇವರ್‌ಗಳು. ಮಿಂಟ್, ಕಿತ್ತಳೆ, ಚೆರಿ, ಬಾಳೆಹಣ್ಣು, ಮಾವು, ಬಾಂಬೆ ಮಿಠಾಯಿ. ಒಂದೊಂದು 20 ಎಂಎಲ್. ಆನ್‌ಲೈನ್‌ನಲ್ಲಿ ತರಿಸಿದ್ದು, ವೋಡ್ಕಾಕ್ಕೆ ಹಾಕಿ ಲಿಕ್ಯೂರ್, ಅಂದರೆ ಸಿಹಿ ಮದ್ಯ, ಮಾಡಲಿಕ್ಕೆ. ಪಕ್ಕದ ಮನೆಯ ಮಾವಶಿ ಪ್ರತಿ ಕ್ರಿಸ್‌ಮಸ್‌ಗೆ ನಮಗೆ ಶುಂಠಿ ವೈನ್ ಕೊಡುತ್ತಾರೆ. ಅವರಿಗೆ ತಿರುಗಿ ಕೊಡಲು ನನ್ನ ಕೈಯಾರೆ ಮಾಡಿದ್ದು ಏನಾದರೂ ಇರಲಿ ಅಂತ ಶುರು ಮಾಡಿದೆ. ಈಗ ಆರರಲ್ಲಿ ಮೂರನ್ನು ಎರಡನೇ ಸಲ ತರಿಸಿದ್ದೇನೆ. ಉಳಿದ ಮೂರನ್ನು ಇನ್ನು ತರಿಸುವುದಿಲ್ಲ.

ಮೊದಲು ಮಿಂಟ್. ಕೇಕ್ ಎಸೆನ್ಸ್ ಹಾಕಿ ಅಭ್ಯಾಸ ಇದ್ದಿದ್ದರಿಂದ ಒಂದು ಟೀ ಚಮಚ ಹಾಕಿಬಿಟ್ಟೆ. ನಾಲಿಗೆಗೆ ತಾಗಿದ ಕೂಡಲೇ ನೋವಿನ ಮುಲಾಮು ನೆಕ್ಕಿದ ಹಾಗಾಯಿತು. ಮಿಠಾಯಿ ಫ್ಲೇವರ್ ಕೇಕ್ ಎಸೆನ್ಸ್‌ಗಿಂತ ಎಷ್ಟೋ ಪಟ್ಟು ಗಟ್ಟಿ. ಕುದಿಯುವ ಪಾಕ 150 ಡಿಗ್ರಿ ಹತ್ತಿರ ಇರುತ್ತದೆ. ಅದರೊಳಗೆ ಹಾಕಿದರೂ ವಾಸನೆ ಉಳಿಯಬೇಕು, ಅದಕ್ಕೇ ಹಾಗೆ ಮಾಡಿರುತ್ತಾರೆ. ನಾವು ತಣ್ಣಗಿನ ವೋಡ್ಕಾಕ್ಕೆ ಹಾಕುವಾಗ ಏನೂ ಹಾರಿ ಹೋಗುವುದಿಲ್ಲ, ಹಾಕಿದ್ದೆಲ್ಲ ಬಾಯಿಗೇ ಬರುತ್ತದೆ. ಆ ಬಾಟಲಿಯನ್ನು ಚೆಲ್ಲಲಿಲ್ಲ. ಮುಂದೆ ಮಾಡಿದಾಗಲೆಲ್ಲ ಅದನ್ನೇ ಸ್ವಲ್ಪ ಸ್ವಲ್ಪ ಬೆರೆಸಿ ಮುಗಿಸಿದೆ.

ಈಗಿನ ಲೆಕ್ಕ ಹೀಗಿದೆ. 750 ಎಂಎಲ್ ವೋಡ್ಕಾ. 250 ಗ್ರಾಂ ಸಕ್ಕರೆಗೆ 250 ಎಂಎಲ್ ನೀರು ಹಾಕಿ ಕರಗಿಸಿ, ಪೂರ್ತಿ ಆರಿಸಿದ ಪಾಕ. ಎಲ್ಲ ಸೇರಿ ಸುಮಾರು 1,150 ಎಂಎಲ್ ಆಗುತ್ತದೆ. ನಮ್ಮಲ್ಲಿ ಸಿಗುವ ವೋಡ್ಕಾದ ಆಲ್ಕೋಹಾಲ್ ಶೇ. 42.8. ಪಾಕ ಸೇರಿದ ಮೇಲೆ ಅದು ಶೇ. 28ರ ಆಸುಪಾಸಿಗೆ ಇಳಿಯುತ್ತದೆ. ಇಷ್ಟಕ್ಕೆ ಮಿಂಟ್ 12 ಹನಿ ಸಾಕು. ನಿಮ್ಮ ಬಾಟಲಿಯ ಗಟ್ಟಿತನ ಬೇರೆ ಇರಬಹುದು. ಮೊದಲು 100 ಎಂಎಲ್ ಬೇರೆ ತೆಗೆದು ಒಂದು ಹನಿ ಹಾಕಿ ನೋಡಿ. ಯುರೋಪಿನ ನಿಯಮದಲ್ಲಿ ಲೀಟರಿಗೆ ಕನಿಷ್ಠ 100 ಗ್ರಾಂ ಸಕ್ಕರೆ ಇದ್ದರೆ ಲಿಕ್ಯೂರ್, 'ಕ್ರೆಮ್' ಅಂತ ಹೆಸರಿಡಲು 250 ಗ್ರಾಂ ಬೇಕು. ನನ್ನದು ನಡುವೆ ಎಲ್ಲೋ ನಿಲ್ಲುತ್ತದೆ. ಇದಕ್ಕಿಂತ ಜಾಸ್ತಿ ಸಿಹಿ ನಮ್ಮ ಮನೆಯಲ್ಲಿ ಯಾರಿಗೂ ಸೇರಲಿಲ್ಲ.

ಫ್ಲೇವರನ್ನು ವೋಡ್ಕಾಕ್ಕೇ ಮೊದಲು ಹಾಕಿ ಅಲುಗಾಡಿಸಬೇಕು, ಪಾಕ ಆಮೇಲೆ. ಎಣ್ಣೆ ರೂಪದ ಫ್ಲೇವರ್ ಆಲ್ಕೋಹಾಲ್‌ನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಕಿತ್ತಳೆ ಜಾಸ್ತಿಯಾದ ದಿನ ಪಾಕ ಹಾಕಿದ ಕೂಡಲೇ ಇಡೀ ಬಾಟಲಿ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಕೆಟ್ಟಿರಲಿಲ್ಲ, ಎಣ್ಣೆ ಸಣ್ಣ ಸಣ್ಣ ಹನಿಯಾಗಿ ಹೊರಗೆ ಬಂದಿತ್ತು ಅಷ್ಟೇ. ಇನ್ನಷ್ಟು ವೋಡ್ಕಾ ಸೇರಿಸಿದ ಮೇಲೆ ತಿಳಿಯಾಯಿತು. ಲೇಬಲ್ ಮೇಲೆ ಪ್ರೊಪಿಲೀನ್ ಗ್ಲೈಕಾಲ್ (ಫ್ಲೇವರನ್ನು ಕರಗಿಸಿಡುವ, ನೀರಿಗೂ ಬೆರೆಯುವ ದ್ರವ) ಅಂತ ಇದ್ದರೆ ಸಾಮಾನ್ಯವಾಗಿ ಈ ಕಾಟ ಇರುವುದಿಲ್ಲ.

ಕಿತ್ತಳೆಯ ವಿಷಯ ನನ್ನನ್ನು ತುಂಬ ಕಾಡಿತು. ವಾಸನೆ ಸರಿಯಾಗಿತ್ತು. ಬಾಯಿಗೆ ಹಾಕಿದರೆ ಬರೀ ಸಪ್ಪೆ ಸಿಹಿ. ಹನಿ ಹೆಚ್ಚಿಸಿದೆ, ಕಹಿ ಬಂತು. ಒಂದು ದಿನ ಮಗಳು ತಿನ್ನುತ್ತಿದ್ದ ಕಿತ್ತಳೆ ಪೆಪ್ಪರಮೆಂಟಿನ ಕಾಗದ ಓದಿದೆ. (ನಮ್ಮ ಕಡೆ ಮಿಂಟ್ ಇರಲಿ ಬಿಡಲಿ, ಎಲ್ಲವೂ ಪೆಪ್ಪರಮೆಂಟೇ ಅಲ್ವಾ.) ಸಕ್ಕರೆ, ಗ್ಲೂಕೋಸ್, ಆಮೇಲೆ ಸಿಟ್ರಿಕ್ ಆ್ಯಸಿಡ್. ಉತ್ತರ ಅಲ್ಲೇ ಇತ್ತು. ಚಿಕ್ಕಂದಿನಲ್ಲಿ ನಾವು ಕಿತ್ತಳೆ ರುಚಿ ಅಂದುಕೊಂಡು ಚೀಪಿದ್ದರಲ್ಲಿ ಅರ್ಧ ಹುಳಿಯದ್ದೇ ಕೆಲಸ. ಫ್ಲೇವರ್ ಬಾಟಲಿಯಲ್ಲಿ ಇರುವುದು ವಾಸನೆ ಮಾತ್ರ. ಅರ್ಧ ಟೀ ಚಮಚ ಸಿಟ್ರಿಕ್ ಆ್ಯಸಿಡ್, ಚಿಟಿಕೆ ಉಪ್ಪು ಬಿದ್ದ ಮೇಲೆ ಆ ಲಿಕ್ಯೂರ್‌ಗೆ ಜೀವ ಬಂತು. ಹಣ್ಣಿನ ಫ್ಲೇವರ್ ಯಾವುದೇ ಇರಲಿ, ಹುಳಿ ಇಲ್ಲದೆ ಹಾಕಬೇಡಿ.

ಅಲ್ಲಿಂದ ನೇರ ಪೆಪ್ಪರಮೆಂಟನ್ನೇ ಹಾಕಿ ನೋಡುವ ಹುಚ್ಚು ಹತ್ತಿತು. ಗಟ್ಟಿ ಕಿತ್ತಳೆ ಪೆಪ್ಪರಮೆಂಟು 250 ಗ್ರಾಂ ಕುಟ್ಟಿ 750 ಎಂಎಲ್ ವೋಡ್ಕಾಕ್ಕೆ ಹಾಕಿದೆ. ದಿನಕ್ಕೆ ನಾಲ್ಕು ಸಲ ಅಲುಗಾಡಿಸಿದರೆ ಮೂರು ದಿನಕ್ಕೆ ಕರಗುತ್ತದೆ. ಪಾಕ ಬೇಡ, ಅದರಲ್ಲಿ ಇರುವುದೇ ಸಕ್ಕರೆ. ಹುಳಿ, ಬಣ್ಣ ಎಲ್ಲ ಅದರೊಳಗೇ ಬರುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕಾಫಿ ಪೆಪ್ಪರಮೆಂಟು ಬಿಳಿ ರಮ್‌ಗೆ ಚೆನ್ನಾಗಿ ಹೊಂದಿತು. ಹಾಲಿನ ಟಾಫಿ ಮಾತ್ರ ಹಾಕಲೇಬೇಡಿ. ಬೆಣ್ಣೆ ಮೇಲೆ ತೇಲಿತು, ಹಾಲು ಒಡೆದು ಕೆಳಗೆ ಕೂತಿತು. ಫ್ರಿಜ್‌ನಲ್ಲಿಟ್ಟು ಹೆಪ್ಪುಗಟ್ಟಿದ ಕೊಬ್ಬು ತೆಗೆದೆ, ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸಿದೆ. ಆದರೂ ನೋಡಲು ಮನಸ್ಸಾಗಲಿಲ್ಲ.

ಬಾಳೆಹಣ್ಣಿನದು ಬೇಡವೇ ಬೇಡ. ಅದರ ವಾಸನೆ ಐಸೋಅಮೈಲ್ ಅಸಿಟೇಟ್ ಅನ್ನುವ ಒಂದೇ ವಸ್ತುವಿನದು, ಉಗುರಿನ ಬಣ್ಣದ ನೆನಪು ತರುತ್ತದೆ. ಬಾಂಬೆ ಮಿಠಾಯಿ ಫ್ಲೇವರ್ ನನಗೆ ಇಷ್ಟ. ಶಿರಸಿ ಮಾರಿಕಾಂಬಾ ಜಾತ್ರೆಯ ಬೀದಿ ಕಣ್ಮುಂದೆ ಬರುತ್ತದೆ. ಆದರೆ ಒಂದು ಸಣ್ಣ ಗ್ಲಾಸ್ ಆದಮೇಲೆ ಮತ್ತೆ ಬೇಕು ಅನಿಸುವುದಿಲ್ಲ, ಹಾಗಾಗಿ ಅದೂ ಇನ್ನು ಇಲ್ಲ. ಕಿತ್ತಳೆ ಫ್ಲೇವರೂ ಬೇಡ, ಅದರ ಕೆಲಸವನ್ನು ಪೆಪ್ಪರಮೆಂಟೇ ಚೆನ್ನಾಗಿ ಮಾಡುತ್ತದೆ. ಅಷ್ಟೇ ಅಲ್ಲ, ಕಿತ್ತಳೆ ಎಣ್ಣೆ ಬಿಸಿಲು, ಗಾಳಿ ತಾಗಿದರೆ ಬೇಗ ಕಮಟುತ್ತದೆ. ನನ್ನದು ಎರಡನೇ ವರ್ಷಕ್ಕೇ ಹಾಗಾಯಿತು.

ಮಾವಿನದು ಒಂಟಿಯಾಗಿ ಹಾಕಿದರೆ ಅಂಗಡಿಯ ಮಿಠಾಯಿ ಅಷ್ಟೇ. ಅಂಕೋಲೆಯ ಕರಿ ಇಶಾಡು ಮಾವು ಬರುವ ಮೇ ತಿಂಗಳಲ್ಲಿ ಹಣ್ಣಿನ ತುಂಡುಗಳನ್ನು ಒಂದು ವಾರ ವೋಡ್ಕಾದಲ್ಲಿ ನೆನೆಸುತ್ತೇನೆ. ಹಣ್ಣಿನಿಂದ ಬಣ್ಣ ಬರುತ್ತದೆ, ಬಾಯಿ ತುಂಬುವ ರುಚಿ ಬರುತ್ತದೆ, ಆದರೆ ಇಶಾಡಿನ ಆ ಘಮ ಅರ್ಧ ಕಳೆದುಹೋಗುತ್ತದೆ. ಎರಡೇ ಹನಿ ಫ್ಲೇವರ್ ಹಾಕಿದರೆ ಮೂಗಿಗೆ ಮತ್ತೆ ಮಾವು ಸಿಗುತ್ತದೆ. ಮೂರನೇ ಹನಿಗೆ ಹಣ್ಣು ಸತ್ತು ಮಿಠಾಯಿ ಎದ್ದು ಕೂರುತ್ತದೆ.

ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದು ಚೆರಿ, ಅದೂ ಮುರುಗಲಿನ (ಕೋಕಂ ಹಣ್ಣಿನ) ಜೊತೆ. ಸಿಟ್ರಿಕ್ ಆ್ಯಸಿಡ್ ಮುಗಿದಿದ್ದ ದಿನ ಡಬ್ಬಿಯಲ್ಲಿ ಒಣ ಮುರುಗಲು ಸಿಪ್ಪೆ ಕಂಡಿತು, ಶಿರಸಿಯ ಗೆಳತಿ ಕಳಿಸಿದ್ದು. ಉಪ್ಪು ಹಾಕದೆ ಒಣಗಿಸಿದ ಸಿಪ್ಪೆಯೇ ಬೇಕು, ಸಾರಿಗೆ ತರುವ ಉಪ್ಪಿನದು ಆಗುವುದಿಲ್ಲ. ಒಂದು ಮುಷ್ಟಿ ಸಿಪ್ಪೆಯನ್ನು ವೋಡ್ಕಾದಲ್ಲಿ ನಾಲ್ಕು ದಿನ ನೆನೆಸಿ ಸೋಸಿದೆ. ಕಡುಕೆಂಪು ಬಣ್ಣ, ಒಳ್ಳೆಯ ಹುಳಿ. ಅದಕ್ಕೆ ಪಾಕ, ಆರು ಹನಿ ಚೆರಿ. ಬರೀ ಚೆರಿ ಕೆಮ್ಮಿನ ಔಷಧಿಯ ಹಾಗಿರುತ್ತದೆ, ಬರೀ ಮುರುಗಲು ಶರಬತ್ತಿನ ಹಾಗಿರುತ್ತದೆ. ಎರಡೂ ಸೇರಿದಾಗ ಇದು ಯಾವ ಹಣ್ಣು ಅಂತ ಎಲ್ಲರೂ ಕೇಳಿದರು.

ಕೊಳ್ಳುವವರು ಗಮನಿಸಬೇಕಾದ್ದು ಕೆಲವಿದೆ. ಲೇಬಲ್ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. ಸೋಪು, ಮೇಣದಬತ್ತಿಗೆ ಮಾರುವ ಸುಗಂಧದ ಎಣ್ಣೆಗಳೂ ಇಂಥದೇ ಬಾಟಲಿಯಲ್ಲಿ ಬರುತ್ತವೆ, ಅವು ಹೊಟ್ಟೆಗೆ ಹೋಗಬಾರದು. ನನಗೆ ಬಂದ ಬಾಟಲಿಗಳಲ್ಲಿ ಒಂದರ ಮುಚ್ಚಳ ಸೋರಿತ್ತು, ಡ್ರಾಪರ್‌ನ ರಬ್ಬರ್ ಆರು ತಿಂಗಳಲ್ಲಿ ಅಂಟಂಟಾಯಿತು. ಈಗ ಗಾಜಿನ ಬಾಟಲಿಗೆ ಬದಲಿಸಿ ಡ್ರಾಪರ್ ಬೇರೆ ಇಡುತ್ತೇನೆ. ವೋಡ್ಕಾ ಇಲ್ಲಿಯ ಅಂಗಡಿಯದ್ದೇ ಇರಲಿ. ಅಗ್ಗ ಅಂತ ಮಾಜಾಳಿ ಚೆಕ್‌ಪೋಸ್ಟ್ ದಾಟಿಸಿ ಗೋವಾದ ಬಾಟಲಿ ತರುವ ಸಹವಾಸ ಬೇಡ. ಗುರುತಿಲ್ಲದ ಸ್ಪಿರಿಟ್ ಅಂತೂ ಮುಟ್ಟಲೇಬಾರದು, ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗುತ್ತದೆ, ಜೀವವೂ ಹೋಗುತ್ತದೆ. ಇನ್ನೊಂದು ಮಾತು. ಈ ಲಿಕ್ಯೂರ್ ಮಿಠಾಯಿಯ ಬಣ್ಣ, ಮಿಠಾಯಿಯ ವಾಸನೆ. ಮಕ್ಕಳಿಗೆ ಶರಬತ್ತು ಅನಿಸುವುದು ಸಹಜ. ನಮ್ಮ ಮನೆಯಲ್ಲಿ ಬೀಗ ಇರುವ ಕಪಾಟು, ಬಾಟಲಿ ಮೇಲೆ ದಪ್ಪ ಅಕ್ಷರದ ಚೀಟಿ.

ಮಳೆಗಾಲದಲ್ಲಿ ಪೆಪ್ಪರಮೆಂಟು ತಂದಿಡಬೇಡಿ. ಈ ಕಡಲ ಗಾಳಿಗೆ ಎರಡು ದಿನದಲ್ಲಿ ಕಾಗದಕ್ಕೆ ಅಂಟಿಕೊಳ್ಳುತ್ತದೆ. ಮುರುಗಲು ಸಿಪ್ಪೆಯೂ ಜೂನ್‌ಗೆ ಮೊದಲೇ ಒಣಗಿ ಡಬ್ಬಿ ಸೇರಬೇಕು. ಈ ಸಲದ್ದು ಸೇರಿದೆ, ಚೆರಿಯ ಹೊಸ ಬಾಟಲಿಯೂ ಬಂದಿದೆ. ಮೊನ್ನೆ ಮಾವಶಿ ಹೋದ ಕ್ರಿಸ್‌ಮಸ್‌ನ ಖಾಲಿ ಬಾಟಲಿಯನ್ನು ತೊಳೆದು ಒಣಗಿಸಿ ಮೊಮ್ಮಗನ ಕೈಯಲ್ಲಿ ಕಳಿಸಿದ್ದಾರೆ.