ಅಪ್ಪ ಅಮ್ಮ ಬಂದಾಗ ಸ್ಕಿಪ್ಟನ್‌ಗೆ ಕರೆದುಕೊಂಡು ಹೋಗಿ

ಊರಿಂದ ಅಪ್ಪ ಅಮ್ಮ ಬಂದರೆ ಲೀಡ್ಸ್‌ನಲ್ಲಿರುವ ನಾವೆಲ್ಲ ಮಾಡುವ ಮೊದಲ ಕೆಲಸ ಅವರನ್ನು ಲಂಡನ್‌ಗೆ ಓಡಿಸಿಕೊಂಡು ಹೋಗುವುದು. ನಾನೂ ಅದನ್ನೇ ಮಾಡಿದೆ. ಎರಡು ದಿನಕ್ಕೆ ಅಮ್ಮನ ಮಂಡಿ ಊದಿಕೊಂಡಿತು. ಅಪ್ಪ ಏನೂ ಹೇಳಲಿಲ್ಲ, ಆದರೆ ಫೋಟೊ ತೆಗೆಯುವುದನ್ನೇ ನಿಲ್ಲಿಸಿಬಿಟ್ಟರು. ಆಮೇಲೆ ಜೂನ್‌ನಲ್ಲಿ, ಆಸ್ಪತ್ರೆಯಲ್ಲಿ ನನ್ನ ನೈಟ್ ಡ್ಯೂಟಿ ಮುಗಿದ ವಾರ, ಇಬ್ಬರನ್ನೂ ಸ್ಕಿಪ್ಟನ್‌ಗೆ ಕರೆದುಕೊಂಡು ಹೋದೆ. ಶುಕ್ರವಾರದಿಂದ ಭಾನುವಾರದವರೆಗೆ ಅಲ್ಲೇ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದೆ. ಅಪ್ಪ ಅಮ್ಮ ಈ ದೇಶದಲ್ಲಿ ಇದ್ದ ಮೂರು ತಿಂಗಳಲ್ಲಿ ಅವರಿಗೆ ತುಂಬಾ ಇಷ್ಟವಾದ ದಿನಗಳು ಇವೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಲೀಡ್ಸ್‌ನಿಂದ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಕಾರು ಬೇಡ. ಸ್ಟೇಷನ್‌ನಿಂದ ಹೈ ಸ್ಟ್ರೀಟ್‌ಗೆ ನಡೆದೇ ಹೋಗಬಹುದು, ದಾರಿ ಸಮತಟ್ಟು. ಸ್ಕಿಪ್ಟನ್ ಅಂದರೆ ಕುರಿಗಳ ಊರು ಅಂತ ಅರ್ಥ. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಅಲ್ಲಿ ಸಂತೆ ನಡೆಯುತ್ತದೆ. ಬೇರೆ ಕಡೆ ಮೈದಾನದಲ್ಲೋ ಕಟ್ಟಡದ ಒಳಗೋ ಇರುವ ಹಾಗಲ್ಲ, ಊರಿನ ದೊಡ್ಡ ಬೀದಿಯಲ್ಲೇ, ಅಂಗಡಿಗಳ ಮುಂದಿನ ಕಲ್ಲುಹಾಸಿನ ಮೇಲೆ ಸಾಲಾಗಿ ಗುಡಾರ ಹಾಕುತ್ತಾರೆ. ಹಣ್ಣು, ಚೀಸ್, ಉಣ್ಣೆ ಕಾಲುಚೀಲ, ಹೂವಿನ ಸಸಿ, ಪಾತ್ರೆ. ಅಮ್ಮ ಬೆಲೆ ಕೇಳುತ್ತಾ ಒಂದು ಸುತ್ತು ಹಾಕಿ, ಎರಡನೇ ಸುತ್ತಿನಲ್ಲಿ ಸ್ಟ್ರಾಬೆರಿ ಕೊಂಡರು. ಚಿತ್ರದುರ್ಗದಲ್ಲೂ ಅವರು ಸಂತೆ ಮಾಡುವುದು ಹೀಗೇ.

ಆ ಮಧ್ಯಾಹ್ನ ಕಾಲುವೆ ಕಡೆ ಹೋದೆವು. ಲೀಡ್ಸ್‌ನಿಂದ ಲಿವರ್‌ಪೂಲ್‌ವರೆಗೆ 127 ಮೈಲಿ ಹೋಗುವ ಕಾಲುವೆ ಇದು. ತೋಡಲು ಶುರು ಮಾಡಿದ್ದು 1770ರಲ್ಲಿ, ಮುಗಿದಿದ್ದು 1816ರಲ್ಲಿ. ಈಗ ಸರಕು ಸಾಗಿಸುವುದಿಲ್ಲ, ಬಣ್ಣ ಬಳಿದ ಉದ್ದನೆಯ ಕಿರುದೋಣಿಗಳು ಓಡಾಡುತ್ತವೆ. ಅರ್ಧ ಗಂಟೆಯ ಸವಾರಿ ಸಿಗುತ್ತದೆ. ಚೆನ್ನಾಗಿದೆ, ಆದರೆ ಅದಕ್ಕೋಸ್ಕರ ಕ್ಯೂ ನಿಲ್ಲಬೇಕಿಲ್ಲ. ನಮ್ಮ ದೋಣಿಯಲ್ಲಿ ಸೀಟು ಇಕ್ಕಟ್ಟು, ಮಳೆ ಹನಿದ ಕೂಡಲೇ ಗಾಜೆಲ್ಲ ಮಬ್ಬಾಯಿತು. ಅದಕ್ಕಿಂತ ಕೋಟೆಯ ಹಿಂದೆ ಹೋಗುವ ಕವಲು ಕಾಲುವೆಯ ದಂಡೆಯಲ್ಲಿ ನಡೆಯಿರಿ. ದುಡ್ಡಿಲ್ಲ, ಜನರೂ ಕಡಿಮೆ. ಒಂದು ಕಾಲಕ್ಕೆ ಗಣಿಯ ಸುಣ್ಣದಕಲ್ಲನ್ನು ದೋಣಿಗೆ ತುಂಬಿಸಲು ತೋಡಿದ ಕವಲು ಅದು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಡಿದಾದ ಬಂಡೆ. ತಲೆ ಎತ್ತಿದರೆ ಮೇಲೆ ಕೋಟೆಯ ಗೋಡೆ.

ಕಾಲುವೆ ಹತ್ತಿರವೇ ಅಪ್ಪ ನಿಂತುಬಿಟ್ಟರು. ಅಲ್ಲಿ ಒಂದು ಕಂಚಿನ ಪ್ರತಿಮೆ ಇದೆ. ಚೆಂಡು ಎಸೆಯುತ್ತಿರುವ ಫ್ರೆಡ್ ಟ್ರೂಮನ್. ಟೆಸ್ಟ್ ಕ್ರಿಕೆಟ್‌ನಲ್ಲಿ 300 ವಿಕೆಟ್ ಮುಟ್ಟಿದ ಮೊದಲ ಬೌಲರ್. ನನಗೆ ಹೆಸರು ಕೇಳಿ ಮಾತ್ರ ಗೊತ್ತಿತ್ತು. ಅಪ್ಪನಿಗೆ ಕತೆಯೇ ಗೊತ್ತಿತ್ತು. 1952ರ ಜೂನ್, ಲೀಡ್ಸ್‌ನ ಹೆಡಿಂಗ್ಲಿ ಮೈದಾನ. ಟ್ರೂಮನ್‌ಗೆ 21 ವರ್ಷ, ಮೊದಲ ಟೆಸ್ಟ್. ಭಾರತದ ಎರಡನೇ ಇನಿಂಗ್ಸ್. ಒಂದು ರನ್ ಕೂಡ ಆಗುವ ಮೊದಲೇ 4 ವಿಕೆಟ್ ಹೋಗಿತ್ತು. 3 ಟ್ರೂಮನ್‌ಗೆ, 1 ಬೆಡ್ಸರ್‌ಗೆ. ಆಗ ಅಪ್ಪ ನಾಲ್ಕು ವರ್ಷದ ಹುಡುಗ. ದೊಡ್ಡವನಾದ ಮೇಲೆ ಚಿಕ್ಕಪ್ಪನ ಬಾಯಲ್ಲಿ ನೂರು ಸಲ ಕೇಳಿದ್ದರಂತೆ. “ಸೊನ್ನೆಗೆ 4 ಕಣಮ್ಮ. ನಮ್ಮ ಚಿಕ್ಕಪ್ಪ ಅದನ್ನ ಹೇಳುವಾಗ ಧ್ವನಿ ಇಳಿಸ್ತಿದ್ರು, ಮನೇಲಿ ಯಾರೋ ಹೋದ ಹಾಗೆ” ಅಂದರು. ಪ್ರತಿಮೆಯ ಪಕ್ಕ ನಿಂತು, ಎಷ್ಟೋ ದಿನದ ನಂತರ, ಫೋಟೊ ತೆಗಿ ಅಂತ ಅವರಾಗಿಯೇ ಕೇಳಿದರು.

ಶನಿವಾರ ಕೋಟೆ. ಸ್ಕಿಪ್ಟನ್‌ನಲ್ಲಿ ಒಂದೇ ಒಂದು ಕಡೆ ಟಿಕೆಟ್ ತೆಗೆದುಕೊಳ್ಳುವುದಾದರೆ ಇಲ್ಲಿಗೇ ತೆಗೆದುಕೊಳ್ಳಿ.

ಹೈ ಸ್ಟ್ರೀಟ್ ಮುಗಿಯುವ ಕಡೆಯೇ ಹೆಬ್ಬಾಗಿಲು. ಎರಡು ದುಂಡನೆಯ ಬುರುಜು. ಬಾಗಿಲ ನೆತ್ತಿಯ ಮೇಲೆ ಕಲ್ಲಿನಲ್ಲೇ ಕೊರೆದ ದೊಡ್ಡ ಅಕ್ಷರಗಳು. ಅದು ಫ್ರೆಂಚ್ ಪದ, ‘ಇನ್ನು ಮುಂದೆ’ ಅಂತ ಅರ್ಥ. 1310ರಿಂದ ಕೋಟೆಯನ್ನು ಆಳಿದ ಕ್ಲಿಫರ್ಡ್ ಮನೆತನದ ಧ್ಯೇಯವಾಕ್ಯ. ಅದಕ್ಕೂ ಮೊದಲು, 1090ರ ಸುಮಾರಿಗೆ, ರಾಬರ್ಟ್ ದ ರೊಮಿಲ್ ಎಂಬ ನಾರ್ಮನ್ ಸರದಾರ ಇಲ್ಲಿ ಕೋಟೆ ಶುರು ಮಾಡಿದ್ದ.

ಒಳಗೆ ಹೋದರೆ ಕೋಣೆಗಳು ಬಹುಮಟ್ಟಿಗೆ ಖಾಲಿ. ಮಂಚ, ಪರದೆ, ಮೇಣದ ಗೊಂಬೆ ಯಾವುದೂ ಇಲ್ಲ. ಇದನ್ನೇ ದೂರುವವರನ್ನು ನಾನು ಕಂಡಿದ್ದೇನೆ. ನನಗೆ ಇದೇ ಇಷ್ಟ. ಹಗ್ಗ ಕಟ್ಟಿ ದೂರ ನಿಲ್ಲಿಸುವುದಿಲ್ಲ. ಕೈಗೆ ಒಂದು ಹಾಳೆ ಕೊಡುತ್ತಾರೆ, ಕೋಣೆಗಳಿಗೆ ನಂಬರ್ ಇದೆ, ನಿಮ್ಮಷ್ಟಕ್ಕೆ ನೀವು ಓಡಾಡಬಹುದು. ಗೋಡೆ ಮುಟ್ಟಬಹುದು. ಬಾಣ ಬಿಡುವ ಕಿಂಡಿಗೆ ಕಣ್ಣಿಟ್ಟು ನೋಡಬಹುದು. ಅಮ್ಮ ಅಡುಗೆಮನೆಯ ದೊಡ್ಡ ಒಲೆಯ ಒಳಗೇ ತಲೆ ಹಾಕಿ ಹೊಗೆ ಎಲ್ಲಿಂದ ಹೋಗುತ್ತಿತ್ತು ಅಂತ ಹುಡುಕಿದರು.

ಅಪ್ಪ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವರು. ಹುಟ್ಟಿ ಬೆಳೆದಿದ್ದು ಏಳು ಸುತ್ತಿನ ಕೋಟೆಯ ಬುಡದಲ್ಲಿ. ನಮ್ಮ ಕೋಟೆಯಲ್ಲಿ ಬಂಡೆ, ಬಾಗಿಲು, ಬುರುಜು ಎಲ್ಲ ಇದೆ, ಆದರೆ ಅರಮನೆಯ ಮೇಲೆ ಸೂರಿಲ್ಲ. ಇಲ್ಲಿ ಸೂರು ಪೂರ್ತಿ ಇದೆ. ಅದಕ್ಕೊಂದು ಕಾರಣವಿದೆ. ರಾಜನಿಗೂ ಪಾರ್ಲಿಮೆಂಟ್‌ಗೂ ಯುದ್ಧ ಆದಾಗ ಈ ಕೋಟೆ ರಾಜನ ಪರ ಇತ್ತು. ಮೂರು ವರ್ಷ ಮುತ್ತಿಗೆ ತಡೆದು, ಕೊನೆಗೆ 1645ರ ಡಿಸೆಂಬರ್‌ನಲ್ಲಿ ಮಾತುಕತೆ ಮಾಡಿಕೊಂಡು ಬಾಗಿಲು ತೆಗೆಯಿತು. ಗುಂಡಿನ ಪೆಟ್ಟು ತಗ್ಗಲಿ ಅಂತ ಗೋಡೆಯ ಮೇಲೆ ಕುರಿ ತುಪ್ಪಳ ಇಳಿಬಿಟ್ಟಿದ್ದರು ಅಂತ ಊರವರು ಹೇಳುವ ಕತೆ ಇದೆ. ಇದನ್ನು ಕೇಳಿದಾಗ ಅಪ್ಪನ ಮುಖ ನೋಡಬೇಕಿತ್ತು. ಒನಕೆ ಹಿಡಿದ ಓಬವ್ವನ ಊರಿನವರಲ್ವಾ! ಕೈಗೆ ಸಿಕ್ಕಿದ್ದರಲ್ಲಿ ಕೋಟೆ ಉಳಿಸಿಕೊಳ್ಳುವ ಕತೆ ಅವರಿಗೆ ಮನೆಯ ಕತೆ.

ಗೆದ್ದವರು ಕೋಟೆಯನ್ನು ಕೆಡವಿಸಿದರು. ಅದನ್ನು ಮತ್ತೆ ಕಟ್ಟಿಸಿದ್ದು ಲೇಡಿ ಆ್ಯನ್ ಕ್ಲಿಫರ್ಡ್. ಫಿರಂಗಿ ಹೊರುವಷ್ಟು ಗಟ್ಟಿಯಾದ ಮಾಳಿಗೆ ಹಾಕಬಾರದು ಅನ್ನುವ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತ್ತು. ಆಕೆ ಹುಟ್ಟಿದ್ದು ಇದೇ ಕೋಟೆಯಲ್ಲಿ, 1590ರಲ್ಲಿ. ತಂದೆ 1605ರಲ್ಲಿ ತೀರಿಕೊಂಡಾಗ ಆಸ್ತಿಯನ್ನೆಲ್ಲ ತಮ್ಮನಿಗೆ ಬರೆದಿದ್ದ. ಮಗಳಿಗೆ ಆಗ 15 ವರ್ಷ. ರಾಜನೇ ಕರೆಸಿ ಬಿಟ್ಟುಕೊಡು ಅಂದರೂ ಆಕೆ ಒಪ್ಪಲಿಲ್ಲ. ಚಿಕ್ಕಪ್ಪನ ಮಗ ಗಂಡು ಸಂತಾನವಿಲ್ಲದೆ ತೀರಿಕೊಂಡ ಮೇಲೆ, 1643ರಲ್ಲಿ, ಆಸ್ತಿ ಕೈಗೆ ಬಂತು. 38 ವರ್ಷ! ಇದನ್ನು ಹೇಳಿದಾಗ ಅಮ್ಮ ಅಂಗಳದಲ್ಲಿ ಕೂತಿದ್ದರು. “ನಮ್ಮ ಅಕ್ಕನ ಹೊಲದ ಕೇಸು 22 ವರ್ಷ ನಡೀತು. ಅವಳಿಗೂ ಎಲ್ಲರೂ ಬಿಟ್ಟುಬಿಡು ಅಂತಾನೇ ಹೇಳಿದ್ದು” ಅಂದರು. ಆ ಅಂಗಳದ ನಡುವೆ ಆ್ಯನ್ 1659ರಲ್ಲಿ ನೆಟ್ಟ ಯೂ ಮರ ಇದೆ. ಈಗಲೂ ಹಸಿರು. ಅಮ್ಮ ಎದ್ದು ಹೋಗಿ ಅದರ ಬೊಡ್ಡೆಯ ಮೇಲೆ ಕೈ ಇಟ್ಟು ಬಂದರು.

ನಮಗೆ ಸೇರಿದ ಇನ್ನೊಂದು ಎಳೆಯೂ ಇಲ್ಲಿದೆ. ಆ್ಯನ್‌ಳ ತಂದೆ ಜಾರ್ಜ್ ಕ್ಲಿಫರ್ಡ್, ಕಂಬರ್ಲೆಂಡ್‌ನ ಅರ್ಲ್. ಸಮುದ್ರದಲ್ಲಿ ಸ್ಪೇನ್‌ನವರ ಹಡಗು ಹಿಡಿಯುತ್ತಿದ್ದವನು. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ ಸನ್ನದಿನಲ್ಲಿ ಮೊದಲ ಹೆಸರೇ ಅವನದು. ಅವನು ಕಟ್ಟಿಸಿದ ಹಡಗನ್ನೇ ಕಂಪನಿ ಕೊಂಡು, ‘ರೆಡ್ ಡ್ರ್ಯಾಗನ್’ ಅಂತ ಹೆಸರಿಟ್ಟು, 1601ರ ಮೊದಲ ಯಾನಕ್ಕೆ ಮುಂದಾಳು ಹಡಗು ಮಾಡಿತು. ಅದೇ ಹಡಗು 1612ರಲ್ಲಿ ಸೂರತ್ ಹತ್ತಿರ ಸುವಾಲಿಯಲ್ಲಿ ಪೋರ್ಚುಗೀಸರ ಜೊತೆ ಕಾದಿತು. ಕೋಟೆ ನೋಡುವ ಮೊದಲು ಇದಿಷ್ಟು ಓದಿಕೊಂಡು ಹೋಗಿ ಅಂತ ನಾನು ಎಲ್ಲ ಭಾರತದವರಿಗೂ ಹೇಳುತ್ತೇನೆ. ಅಪ್ಪ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮೂವತ್ತು ವರ್ಷ ಸನ್ನದು ಅಂತ ಬೋರ್ಡ್ ಮೇಲೆ ಬರೆದೆ. ಅದು ಯಾರದೋ ಮನೆ ಅಂಗಳದಿಂದ ಹೊರಟಿದ್ದು ಅಂತ ಹೊಳೆದೇ ಇರಲಿಲ್ಲ” ಅಂದರು.

ಒಂದು ಎಚ್ಚರಿಕೆ. ಮೆಟ್ಟಿಲು ಕಡಿದಾಗಿದೆ, ಸುರುಳಿ ಸುತ್ತಿದೆ, ಸವೆದು ಒಂದೊಂದು ಒಂದೊಂದು ಎತ್ತರ. ಮಂಡಿ ನೋವಿರುವವರು ಎಲ್ಲ ಕೋಣೆ ಹತ್ತಲಾರರು. ಅಮ್ಮ ಅರ್ಧ ಮಾತ್ರ ನೋಡಿದರು. ವೀಲ್‌ಚೇರ್ ತರುವವರು ಮೊದಲೇ ವಿಚಾರಿಸಿ.

ಊಟದ ವಿಷಯದಲ್ಲಿ ಹುಷಾರು. ಊರಿನ ಒಂದು ಕೆಫೆಯಲ್ಲಿ ತರಕಾರಿ ಸೂಪ್ ಅಂತ ಬರೆದಿದ್ದನ್ನು ನಂಬಿ ತರಿಸಿದೆವು. ಅಮ್ಮ ಎರಡು ಚಮಚ ಕುಡಿದು ವಾಸನೆ ಬೇರೆ ಇದೆ ಅಂದರು. ಕೇಳಿದರೆ ಕೋಳಿಯ ಸ್ಟಾಕ್ ಹಾಕಿದ್ದಾರಂತೆ. ದುಡ್ಡು ವಾಪಸ್ ಕೊಟ್ಟರು. ಆದರೆ ಅಮ್ಮ ಆ ದಿನ ಮತ್ತೇನೂ ತಿನ್ನಲಿಲ್ಲ. ನನಗೆ ಈಗಲೂ ಅದು ಚುಚ್ಚುತ್ತದೆ. ಸೂಪ್ ತರಿಸುವ ಮೊದಲು ಯಾವ ಸ್ಟಾಕ್ ಅಂತ ಕೇಳಿಬಿಡಿ. ಮೊಟ್ಟೆ ತಿನ್ನುವವರಾದರೆ ಬೇಕರಿಯಲ್ಲಿ ಯಾರ್ಕ್‌ಷೈರ್ ಕರ್ಡ್ ಟಾರ್ಟ್ ತಿನ್ನಿ. ಒಡೆದ ಹಾಲಿನ ಪನೀರ್, ಒಣದ್ರಾಕ್ಷಿ, ಮೇಲೆ ಜಾಯಿಕಾಯಿ ವಾಸನೆ. ನನಗಂತೂ ಗಿಣ್ಣು ತಿಂದ ಹಾಗಾಯಿತು. ಮರುದಿನ ಬಾಡಿಗೆ ಮನೆಯಲ್ಲೇ ಚಿತ್ರಾನ್ನ ಕಲಸಿ, ಬಾಟಲಿಗೆ ಮಜ್ಜಿಗೆ ತುಂಬಿಕೊಂಡು ಹೊರಟೆವು.

ಭಾನುವಾರ ಉಗಿಬಂಡಿ. ಸ್ಕಿಪ್ಟನ್ ಪಕ್ಕದ ಎಂಬ್ಸೆಯಿಂದ ಬೋಲ್ಟನ್ ಆ್ಯಬಿವರೆಗೆ ಸುಮಾರು 4 ಮೈಲಿ. 1965ರಲ್ಲಿ ಮುಚ್ಚಿದ ಹಳಿಯನ್ನು ಸ್ವಯಂಸೇವಕರು ಮತ್ತೆ ಎಬ್ಬಿಸಿ ನಡೆಸುತ್ತಿದ್ದಾರೆ. ಟಿಕೆಟ್ ಕೊಡುವವರಿಂದ ಹಿಡಿದು ಬಾವುಟ ತೋರಿಸುವವರ ತನಕ ನೋಡಿ, ಎಷ್ಟೋ ಜನ ಅಪ್ಪನ ವಯಸ್ಸಿನವರು. ಕೆಲವು ದಿನ ಡೀಸೆಲ್ ಎಂಜಿನ್ ಇರುತ್ತದೆ. ದಿನ ನೋಡಿಕೊಂಡು ಹೋಗಿ. ಹೊಗೆ ಕಿಟಕಿಗೆ ಬಂದ ಕೂಡಲೇ ಅಪ್ಪ ಚಿಕ್ಕಜಾಜೂರಿನ ಮೀಟರ್‌ಗೇಜ್ ಗಾಡಿಯ ಮಾತು ತೆಗೆದರು. ಕಣ್ಣಿಗೆ ಕಿಡಿ ಬಿದ್ದು ಅವರಮ್ಮ ಸೆರಗು ಉಂಡೆ ಮಾಡಿ ಬಾಯಿಂದ ಊದಿ ಒತ್ತಿದ್ದು, ಎಲ್ಲಾ. ಅಷ್ಟರಲ್ಲಿ ಪ್ರಯಾಣ ಮುಗಿದೇ ಹೋಯಿತು.

ಸ್ಟೇಷನ್‌ನಿಂದ ಹಳೆಯ ಮಠಕ್ಕೆ ಇನ್ನೂ ಒಂದೂವರೆ ಮೈಲಿ ಇದೆ. ಟ್ಯಾಕ್ಸಿ ಹೇಳಿದ್ದೆ. ಮಠ 12ನೇ ಶತಮಾನದ್ದು. 1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿಸಿದರು. ಅರ್ಧ ಭಾಗ ಬಯಲಿಗೆ ಬಿದ್ದಿದೆ, ಇನ್ನರ್ಧದಲ್ಲಿ ಈಗಲೂ ಪ್ರಾರ್ಥನೆ ನಡೆಯುತ್ತದೆ. ಪಕ್ಕದಲ್ಲಿ ವಾರ್ಫ್ ನದಿ. ಅಡ್ಡಲಾಗಿ ದಾಟುಗಲ್ಲುಗಳ ಸಾಲು. ಮಕ್ಕಳೆಲ್ಲ ಕಲ್ಲಿನ ಮೇಲೆ ಹಾರುತ್ತಿದ್ದರು. ನಾವು ಪಕ್ಕದ ಸೇತುವೆಯಿಂದ ದಾಟಿ, ದಂಡೆಯಲ್ಲಿ ಕೂತು ಚಿತ್ರಾನ್ನ ತಿಂದೆವು. ನದಿಯ ಮೇಲ್ಗಡೆ ಸ್ಟ್ರಿಡ್ ಅಂತ ಒಂದು ಜಾಗ ಇದೆ. ಅಷ್ಟು ಅಗಲದ ನದಿ ಬಂಡೆಗಳ ನಡುವೆ ಹಾರಿಬಿಡಬಹುದು ಅನ್ನಿಸುವಷ್ಟು ಕಿರಿದಾಗುತ್ತದೆ. ದಯವಿಟ್ಟು ಹಾರಬೇಡಿ, ಮಕ್ಕಳ ಕೈ ಬಿಡಬೇಡಿ. ಕೆಳಗೆ ಆಳ, ಸೆಳವು. ಅಲ್ಲಿ ಜೀವ ಹೋಗಿದೆ.

ಮಾಲಮ್ ಕೋವ್ ಈ ಸಲ ಬಿಟ್ಟೆವು. 80 ಮೀಟರ್ ಎತ್ತರದ ಸುಣ್ಣದಕಲ್ಲಿನ ಗೋಡೆ, ಪಕ್ಕದಲ್ಲಿ 400ರಷ್ಟು ಮೆಟ್ಟಿಲು. ಮಂಡಿ ಗಟ್ಟಿ ಇರುವವರು ಹೋಗಲೇಬೇಕು.

ವಾಪಸ್ ಹೋಗಲು ಹೇಳಿದ್ದ ಟ್ಯಾಕ್ಸಿ ಬರಲೇ ಇಲ್ಲ. ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. 50 ನಿಮಿಷ ಕಾದೆವು, ಕೊನೆಯ ಗಾಡಿಯೂ ತಪ್ಪಿತು. ವಯಸ್ಸಾದವರ ಜೊತೆ ಹೋಗುವವರು ಬಸ್ಸಿನ ವೇಳೆ ಮೊದಲೇ ಬರೆದಿಟ್ಟುಕೊಳ್ಳಿ. ನಾನು ಇಲ್ಕ್ಲಿಯಲ್ಲಿರುವ ಗೆಳತಿಗೆ ಫೋನ್ ಮಾಡಿ ತಿರುಗಿ ನೋಡಿದರೆ ಅಪ್ಪ ಇಲ್ಲ. ಮಜ್ಜಿಗೆ ಬಾಟಲಿ ಹಿಡಿದು ಕೂತಿದ್ದ ಅಮ್ಮ, “ಅಲ್ಲೇ ಇದಾರೆ ನೋಡು, ಮತ್ತೆ ಹೋದ್ರು” ಅಂದರು.

ಚರ್ಚಿನ ಸಮಾಧಿ ಅಂಗಳದಲ್ಲಿ ನಿಂತಿದ್ದರು. ಫ್ರೆಡ್ ಟ್ರೂಮನ್‌ನನ್ನು ಮಣ್ಣು ಮಾಡಿರುವುದು ಅಲ್ಲೇ, 2006ರಲ್ಲಿ. ಬೆಳಿಗ್ಗೆ ಬಂದ ಕೂಡಲೇ ಒಂದು ಸಲ ನೋಡಿದ್ದೆವು. ಈಗ ಅಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು. ಬೆರಳು ಮಡಚುತ್ತಾ ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ಪಂಕಜ್ ರಾಯ್. ಗಾಯಕ್‌ವಾಡ್. ಮಂತ್ರಿ. ಮಂಜ್ರೇಕರ್.

ನನ್ನನ್ನು ನೋಡಿ ಟೋಪಿ ಹಾಕಿಕೊಂಡರು. “ಹೆಡಿಂಗ್ಲಿ ನಿಮ್ಮ ಮನೆಗೆ ಹತ್ರ ಅಂದ್ಯಲ್ಲ, ಬರೋ ವಾರ ಮೈದಾನ ತೋರಿಸ್ತೀಯಾ?” ಅಂದರು.